ಎಡಗೈ ಸೋಪು, ಬಲಗೈ ಸೋಪು ಮತ್ತು ಅತ್ತಿಗೆ ಹಾಕಿದ ಮುಚ್ಚಳ

ಮೊದಲೇ ಹೇಳಿಬಿಡುತ್ತೇನೆ, ನೆದರ್‌ಲ್ಯಾಂಡ್ಸಿಗೆ ಹೋಗಿ ಬಂದರೂ ನಾನು ಟ್ಯೂಲಿಪ್ ಹೂವು ನೋಡಲಿಲ್ಲ. ನಾವು ಹೋದ ಜೂನ್ ತಿಂಗಳಿಗೆ ಅವು ಮುಗಿದೇ ಹೋಗಿದ್ದವು. ಗಾಳಿಯಂತ್ರವನ್ನು ನೋಡಿದ್ದು ರೈಲಿನ ಕಿಟಕಿಯಿಂದ, ಅದೂ ಅತ್ತಿಗೆಯ ತಲೆ ಅಡ್ಡ ಬಂದು ಅರ್ಧ. ಆದರೆ ಎಂಟು ದಿನ ನಕ್ಕು ನಕ್ಕು ಪಕ್ಕೆ ನೋಯಿಸಿಕೊಂಡು ಬಂದಿದ್ದೇನೆ. ನಡುವೆ ಒಂದು ದಿನ ಮಾತ್ರ ಜೀವ ಬಾಯಿಗೆ ಬಂದಿತ್ತು. ಇದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ.

ಮಂಡ್ಯ: ಎರಡು ಡಬ್ಬಿ

ನಾನು ಮದ್ದೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಮೇಡಂ. ಹೆಸರು ನಾಗರತ್ನ. ಮನೆ ಮಂಡ್ಯದಲ್ಲಿ, ತವರು ಪಕ್ಕದ ಹೊಳಲು. ಯಜಮಾನರು ಶಿವಲಿಂಗು ಮಳವಳ್ಳಿಯ ಹೈಸ್ಕೂಲಿನಲ್ಲಿ ಮೇಷ್ಟ್ರು. ನಲವತ್ತು ದಾಟಿದ ಮೇಲೆ ನನಗೆ ಪಿಎಚ್.ಡಿ. ಹುಚ್ಚು ಹಿಡಿಯಿತು. ಏಳು ವರ್ಷದಿಂದ ಸೋಪಿನ ಹಿಂದೆ ಬಿದ್ದಿದ್ದೇನೆ. ‘ಸೋಪಿನಲ್ಲಿ ಏಳು ವರ್ಷ ಏನಮ್ಮ ನೋಡೋದು’ ಎಂದು ಕೇಳದವರಿಲ್ಲ. ನೋಡುವುದಿದೆ.

ಸೋಪಿನ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆಗೆ ನೀರೆಂದರೆ ಪ್ರೀತಿ, ಬಾಲಕ್ಕೆ ನೀರೆಂದರೆ ಆಗದು. ಈ ಕುಲದ ಕೆಲವು ಅಣುಗಳನ್ನು ನೀರಿಗೆ ಹಾಕಿದರೆ, ಅವು ಬಾಲಗಳನ್ನು ಒಳಗೆ ಬಚ್ಚಿಟ್ಟುಕೊಂಡು, ಎರಡು ಸಾಲಾಗಿ ನಿಂತು, ಕಣ್ಣಿಗೆ ಕಾಣದಷ್ಟು ಸಣ್ಣ ಟೊಳ್ಳು ಗುಳ್ಳೆ ಕಟ್ಟಿಕೊಳ್ಳುತ್ತವೆ. ಇದಕ್ಕೆ ವೆಸಿಕಲ್ ಎನ್ನುತ್ತಾರೆ. ಅದರ ಹೊಟ್ಟೆಯಲ್ಲಿ ಔಷಧವನ್ನೋ ಬಣ್ಣವನ್ನೋ ಕೂರಿಸಬಹುದು. ಹಾಗೆ ಕೂರಿಸಿದ ಅಣುವನ್ನು ನಾನು ನೆಂಟ ಎನ್ನುತ್ತೇನೆ, ಅದು ಮೆಲ್ಲಗೆ ಸೋರುತ್ತದೆ.

ಇನ್ನೊಂದು ಮಾತಿದೆ. ಕೆಲವು ಅಣುಗಳಲ್ಲಿ ಎಡಗೈ, ಬಲಗೈ ಎಂಬ ಭೇದವಿದೆ. ಜೋಡಿ ಚಪ್ಪಲಿಯ ಹಾಗೆ. ನೋಡಲು ಒಂದೇ, ತೂಕ ಒಂದೇ, ಆದರೆ ಒಂದರ ಜಾಗಕ್ಕೆ ಇನ್ನೊಂದು ಹೊಂದುವುದಿಲ್ಲ. ನಾನು ತಯಾರಿಸಿದ ಸೋಪಿನಲ್ಲೂ ಎಡಗೈ ಪುಡಿ, ಬಲಗೈ ಪುಡಿ ಎಂದು ಎರಡಿದ್ದವು. ನನ್ನ ವಾದ ಇಷ್ಟೇ: ಎಡಗೈ ಸೋಪಿನ ಗುಳ್ಳೆ ಎಡಗೈ ನೆಂಟನನ್ನು ಹೆಚ್ಚು ಹೊತ್ತು ಒಳಗೆ ಕೂರಿಸಿಕೊಳ್ಳುತ್ತದೆ, ಬಲಗೈ ನೆಂಟನನ್ನು ಬೇಗ ಹೊರಗೆ ಕಳಿಸುತ್ತದೆ. ಬಲಗೈ ಸೋಪಿನದು ಇದಕ್ಕೆ ಸರಿಯಾಗಿ ಎದುರು. ತನ್ನ ಕೈಯವರಿಗೆ ಮಣೆ, ಬೇರೆಯವರಿಗೆ ಬಾಗಿಲು.

ನಮ್ಮ ಕಾಲೇಜಿನ ಹಳೆಯ ಉಪಕರಣದಲ್ಲಿ ಹಾಗೆ ಕಂಡಿತ್ತು. ಆದರೆ ಪ್ರಬಂಧ ಓದಿದವರು ಅಷ್ಟು ಸಾಲದು, ಒಳ್ಳೆಯ ಯಂತ್ರದಲ್ಲಿ ಅಳೆದು ತೋರಿಸಿ ಎಂದರು. ಲೈಡನ್ ಊರಿನ ಪ್ರೊಫೆಸರ್ ಮರೈಕೆ ತಮ್ಮ ಯಂತ್ರವನ್ನು ಐದು ದಿನ ಬಿಟ್ಟುಕೊಡುವುದಾಗಿ ಬರೆದರು. ಅಲ್ಲಿ ಅಳೆದಾಗ ಹೌದು ಎಂದರೆ ಪದವಿ. ಅಲ್ಲ ಎಂದರೆ ಏಳು ವರ್ಷ ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದ ಹಾಗೆ.

ಒಬ್ಬಳೇ ಹೋಗುವುದು ಹೇಗೆ ಎಂಬ ಚರ್ಚೆ ಮನೆಯಲ್ಲಿ ಶುರುವಾಗುವ ಮೊದಲೇ ದುದ್ದದಿಂದ ಜಯಮ್ಮ ಅತ್ತಿಗೆ ಫೋನು ಮಾಡಿದರು. ಇವರು ಯಜಮಾನರ ಅಕ್ಕ, ಅಂಗನವಾಡಿ ಟೀಚರಾಗಿ ನಿವೃತ್ತರಾದವರು. ಹೆಂಗಸರ ಸಂಘದಿಂದ ಸಿಂಗಾಪುರಕ್ಕೆ ಹೋಗಲು ಪಾಸ್‌ಪೋರ್ಟ್ ಮಾಡಿಸಿದ್ದರು. ಆ ಪ್ರವಾಸ ರದ್ದಾಗಿತ್ತು.

“ಪಾಸ್ಪೋಲ್ಟು ಬೀರುನಾಗೆ ಕೊಳೀತಾ ಅದೆ ಕಣಮ್ಮ. ನಾನೂ ಬತ್ತೀನಿ. ನೀನು ಸೋಪ್ ನೋಡ್ಕೊ, ನಾನು ಊರ್ ನೋಡ್ಕತೀನಿ,” ಎಂದರು.

ಒಂದೇ ಅಚ್ಚಿನ ಎರಡು ಪ್ಲಾಸ್ಟಿಕ್ ಡಬ್ಬಿಯಲ್ಲಿ ಪುಡಿ ತುಂಬಿ, ಸ್ಪಂಜಿನಲ್ಲಿ ಗುಂಡಿ ಕೊರೆದು ಕೂರಿಸಿದೆ. ಡಬ್ಬಿಯ ಮೈ ಸ್ಪಂಜಿನೊಳಗೆ ಮರೆಯಾಗಿ ಮುಚ್ಚಳ ಮಾತ್ರ ಕಾಣುತ್ತಿದ್ದುದರಿಂದ, ಎಡಗೈ ಪುಡಿಯ ಮುಚ್ಚಳಕ್ಕೆ ಹಸಿರು ಪಟ್ಟಿ, ಬಲಗೈ ಪುಡಿಯದಕ್ಕೆ ಕೆಂಪು ಪಟ್ಟಿ ಅಂಟಿಸಿದೆ. ‘ಮುಚ್ಚಳದ ಮೇಲೆ ಗುರುತು ಹಾಕಬೇಡಿ, ಸೀಸೆಯ ಮೈಮೇಲೆ ಹಾಕಿ’ ಎಂದು ಪ್ರತಿ ವರ್ಷ ಮಕ್ಕಳ ಗಂಟಲು ಹಿಡಿಯುವವಳು ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ನನ್ನ ಪೆಟ್ಟಿಗೆಯ ತೂಕ ಜಾಸ್ತಿಯಾಗಿ ಆ ಸ್ಪಂಜು ಅತ್ತಿಗೆಯ ಕೈಚೀಲ ಸೇರಿತು. ಅಲ್ಲಿ ಅದಕ್ಕೆ ಹುರಿಹಿಟ್ಟು ಮತ್ತು ಚಟ್ನಿಪುಡಿಯ ಸಹವಾಸ.

ಇಳಿದ ನಿಲ್ದಾಣ: ಬಿಳಿ ಪುಡಿ

ಬಿಳಿ ಪುಡಿಯ ಎರಡು ಡಬ್ಬಿ ಹಿಡಿದುಕೊಂಡು ಪರದೇಶದಲ್ಲಿ ಇಳಿದರೆ ಏನಾಗುತ್ತದೆಂದು ಯಾರು ಬೇಕಾದರೂ ಊಹಿಸಬಹುದು. ನನಗೆ ಮಾತ್ರ ಹೊಳೆದಿರಲಿಲ್ಲ. ತಪಾಸಣೆಯ ಇಬ್ಬರು ನಮ್ಮನ್ನು ಪಕ್ಕದ ಮೇಜಿಗೆ ಕರೆದರು. ನಾನು ಒಬ್ಬರಿಗೆ ಮರೈಕೆಯವರ ಪತ್ರ ತೋರಿಸಿ ‘ವಿಶ್ವವಿದ್ಯಾಲಯ, ಸಂಶೋಧನೆ’ ಎಂದು ಬಡಬಡಿಸುತ್ತಿದ್ದೆ. ಇನ್ನೊಬ್ಬ ಎತ್ತರದ ಮನುಷ್ಯ ಅತ್ತಿಗೆಯ ಎದುರು ಡಬ್ಬಿಗಳನ್ನು ಸ್ಪಂಜಿನಿಂದ ತೆಗೆದು ಬಿಚ್ಚುತ್ತಿದ್ದ.

“ಸೋಪು,” ಎಂದರು ಅತ್ತಿಗೆ. ಅವನಿಗೆ ತಿಳಿಯಲಿಲ್ಲ. ಅತ್ತಿಗೆ ಕೈ ಉಜ್ಜಿ, ಮುಖ ಉಜ್ಜಿ, ಬಟ್ಟೆ ಒಗೆದು, ಹಿಂಡಿ, ಹಗ್ಗದ ಮೇಲೆ ಹರವಿ ತೋರಿಸಿದರು. ಮೂವತ್ತು ವರ್ಷ ಅಂಗನವಾಡಿ ನಡೆಸಿದ ಅನುಭವ ಸುಮ್ಮನೆ ಹೋಗುತ್ತದೆಯೆ. ಅವನು ಚಿಟಿಕೆ ಪುಡಿಯನ್ನು ಪುಟ್ಟ ನಳಿಗೆಯಲ್ಲಿ ನೀರಿಗೆ ಹಾಕಿ ಕುಲುಕಿದ. ನೊರೆ ಉಕ್ಕಿತು. ಅವನು ಅಷ್ಟುದ್ದ ಮುಖ ಅಷ್ಟಗಲ ಮಾಡಿಕೊಂಡು ನಕ್ಕ. ಮಾದಕವಸ್ತು ಪರೀಕ್ಷೆಯ ಕಾಗದವೂ ಬಣ್ಣ ಬದಲಿಸದೆ ಇದ್ದದ್ದರಿಂದ ಎರಡು ಮುಚ್ಚಳವನ್ನೂ ಅತ್ತಿಗೆಯ ಎರಡು ಕೈಗೆ ಕೊಟ್ಟು, ಮುಚ್ಚಿಕೊಳ್ಳಿ ಎಂದು ಸನ್ನೆ ಮಾಡಿದ. ಅತ್ತಿಗೆ ಮುಚ್ಚಿಕೊಂಡರು. ನಾವು ಹೊರಗೆ ಬಂದೆವು.

“ಒಳ್ಳೆ ಐದ ಕಣಮ್ಮ. ನಮ್ ಅನಕೆರೆ ಟೇಸನ್ ಮೇಷ್ಟ್ರು ಇದ್ದಂಗವ್ನೆ,” ಎಂದರು ಅತ್ತಿಗೆ. ಹನಕೆರೆಯ ಯಾವ ಮೇಷ್ಟ್ರೋ ನನಗೆ ಗೊತ್ತಿಲ್ಲ.

ಲೈಡನ್: ಮೊದಲೆರಡು ದಿನ

ಊರ ತುಂಬ ಕಾಲುವೆ. ನಮ್ಮ ನಾಲೆಯ ಹಾಗೆ ಗದ್ದೆಗೆ ಹೋಗುವ ಅವಸರ ಅವಕ್ಕಿಲ್ಲ, ಸುಮ್ಮನೆ ಮನೆಗಳ ಮುಂದೆ ನಿಂತಿವೆ. ಅತ್ತಿಗೆ ಮೊದಲ ಕಾಲುವೆ ನೋಡಿದವರೇ ‘ನೀರು ಬುಟ್ಟೋರು ಯಾರು, ತೂಬೆಲ್ಲಿ’ ಎಂದು ಹುಡುಕಿದರು. ಮನೆಗಳ ದೊಡ್ಡ ಕಿಟಕಿಗಳಿಗೆ ಪರದೆಯೇ ಇಲ್ಲ. ಒಳಗೆ ಕೂತು ಊಟ ಮಾಡುವವರು ಬೀದಿಗೆಲ್ಲ ಕಾಣುತ್ತಾರೆ, ಬೀದಿಯವರು ಯಾರೂ ನೋಡುವುದಿಲ್ಲ. ನೋಡಿದ್ದು ಅತ್ತಿಗೆ ಒಬ್ಬರೇ. ನೋಡಿ ಕೈ ಬೀಸಿದರು. ಒಳಗಿನ ಮುದುಕ ಫೋರ್ಕು ಎತ್ತಿ ತಿರುಗಿ ಬೀಸಿದ.

ಅಲ್ಲಿ ಗಾಡಿಗಳೆಲ್ಲ ರಸ್ತೆಯ ಬಲಗಡೆ. ನಾನು ಎಡಗೈ ಬಲಗೈ ವಿಷಯದಲ್ಲಿ ಪಂಡಿತೆ, ಆದರೂ ದಾಟುವಾಗಲೆಲ್ಲ ತಪ್ಪು ಕಡೆ ನೋಡಿ ಸೈಕಲ್ಲುಗಳ ಬಾಯಿಗೆ ಬಿದ್ದೆ. ಮಂಡ್ಯದಲ್ಲಿ ಇದ್ದಷ್ಟು ದಿನ ನಾನು ಎಡಗಡೆಯವಳು ಎಂಬುದೇ ನನಗೆ ತಿಳಿದಿರಲಿಲ್ಲ. ನನ್ನ ಗುಳ್ಳೆಗಳದೂ ಅದೇ ಕಥೆ. ಎಡಗೈ ಸೋಪಿನ ಗುಳ್ಳೆಯನ್ನೂ ಬಲಗೈ ಸೋಪಿನ ಗುಳ್ಳೆಯನ್ನೂ ಬೇರೆ ಬೇರೆ ಇಟ್ಟರೆ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ನೆಂಟ ಬಂದಾಗಲೇ ಬಣ್ಣ ಬಯಲು.

ಪ್ರೊಫೆಸರ್ ಮರೈಕೆ ಅರವತ್ತರ ಹೆಂಗಸು, ಬಾಗಿಲಿನಷ್ಟು ಎತ್ತರ, ಮಾತು ನೆಟ್ಟಗೆ. ನನ್ನ ಪ್ರಬಂಧ ಓದಿದ್ದೀರಾ ಎಂದು ಕೇಳಿದೆ. ‘ಓದಿದೆ, ಎರಡನೇ ಅಧ್ಯಾಯ ಬೇಜಾರು’ ಎಂದರು. ನನಗೆ ಊರಿಗೆ ಬಂದ ಹಾಗಾಯಿತು. ಸಕ್ಕರೆ ಸೀಮೆಯವರಾದರೂ ನಾವು ಮಾತಿಗೆ ಸಕ್ಕರೆ ಬೆರೆಸುವವರಲ್ಲ. ಅವರು ಎಡಗೈಯವರು, ಬರೆಯುವುದು, ಸುರಿಯುವುದು, ಕೊಡುವುದು ಎಲ್ಲ ಎಡಗೈಯಲ್ಲಿ. ಕಾಫಿಯ ಲೋಟವನ್ನು ಎಡಗೈಯಲ್ಲಿ ಚಾಚಿದಾಗ ಅತ್ತಿಗೆ ಒಂದು ಕ್ಷಣ ನೋಡಿ, ತಮ್ಮ ಎಡಗೈಗೆ ತೆಗೆದುಕೊಂಡು, ಕೂಡಲೇ ಬಲಗೈಗೆ ದಾಟಿಸಿದರು. ಕಾಫಿಯ ಜೊತೆ ಒಬ್ಬೊಬ್ಬರಿಗೆ ಒಂದೇ ಬಿಸ್ಕತ್ತು. ಆಮೇಲೆ ಡಬ್ಬಿಯ ಬಾಯಿ ಬಂದ್. ಅತ್ತಿಗೆ ತಡೆಯಲಾರದೆ ಚೀಲದಿಂದ ಮದ್ದೂರು ವಡೆ ತೆಗೆದು ಪ್ರಯೋಗಾಲಯಕ್ಕೆಲ್ಲ ಹಂಚಿದರು. ಅಂದು ಅಲ್ಲಿ ಯಾರದೋ ಹುಟ್ಟುಹಬ್ಬ. ಆ ದೇಶದಲ್ಲಿ ಹುಟ್ಟಿದವರಿಗೆ ಮಾತ್ರವಲ್ಲ, ಸುತ್ತ ಇದ್ದವರಿಗೆಲ್ಲ ಶುಭಾಶಯ ಹೇಳುತ್ತಾರೆ. ಬಂದವರೆಲ್ಲ ಅತ್ತಿಗೆಯ ಕೈ ಕುಲುಕಿ ಅಭಿನಂದನೆ ಎಂದರು.

“ನಂದಲ್ಲ ಕಣ್ರಪ್ಪಾ,” ಎಂದು ಹನ್ನೊಂದು ಜನಕ್ಕೆ ಹೇಳಿ ಹನ್ನೆರಡನೆಯವನಿಗೆ “ಆಯ್ತು, ಓಗ್ಲಿ, ಥ್ಯಾಂಕ್ಸು” ಎಂದರು.

ಎರಡನೆಯ ಬೆಳಿಗ್ಗೆ ಒಂದು ಸಣ್ಣ ಅನಾಹುತ. ನಾವಿದ್ದ ಮನೆಯ ಅಡಿಗೆಕೋಣೆಯಲ್ಲಿ ಹುರಿಹಿಟ್ಟಿಗೆ ಕೆಂಪು ಮುಚ್ಚಳದ ಡಬ್ಬಿ, ಚಟ್ನಿಪುಡಿಗೆ ಹಳದಿ ಮುಚ್ಚಳದ್ದು ಎಂದು ನಾನೇ ಗೊತ್ತುಮಾಡಿದ್ದೆ. ನಿದ್ದೆಗಣ್ಣಿನಲ್ಲಿ ಕೆಂಪು ಮುಚ್ಚಳ ತೆಗೆದು ಹಾಲಿಗೆ ಎರಡು ಚಮಚ ಹಾಕಿ ಕುಡಿದೆ. ಚಟ್ನಿಪುಡಿ. ಕಣ್ಣಲ್ಲಿ ಮೂಗಲ್ಲಿ ಗಂಗಾ ಕಾವೇರಿ. ಮುಚ್ಚಳ ಅದಲುಬದಲಾಗಿದೆ, ಅತ್ತಿಗೆಗೆ ವಯಸ್ಸಾಯಿತು ಎಂದುಕೊಂಡು ಸರಿಮಾಡಿ ಹೋದೆ. ದೇವರು ಅಷ್ಟು ಖಾರವಾಗಿ ಎಚ್ಚರಿಸಿದರೂ ನನಗೆ ಬುದ್ಧಿ ಬರಲಿಲ್ಲ.

ಮೂರನೆಯ ದಿನ: ತಲೆಕೆಳಗು

ಹಸಿರು ಪಟ್ಟಿಯ ಡಬ್ಬಿಯಿಂದ ಗುಳ್ಳೆ ಕಟ್ಟಿದೆವು, ಕೆಂಪು ಪಟ್ಟಿಯದರಿಂದಲೂ ಕಟ್ಟಿದೆವು. ಎರಡರ ಹೊಟ್ಟೆಯೊಳಗೂ ಬೆಳಗುವ ಬಣ್ಣದ ನೆಂಟರನ್ನು, ಎಡಗೈಯವರನ್ನು ಬೇರೆ, ಬಲಗೈಯವರನ್ನು ಬೇರೆ, ಕೂರಿಸಿದೆವು. ಸೋರಿ ಹೊರಬಂದಷ್ಟೂ ಹೊಳಪು ಹೆಚ್ಚುತ್ತದೆ, ಯಂತ್ರ ಅದನ್ನು ಗೆರೆಯಾಗಿ ಬರೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಗೆರೆ ಬಂದವು.

ಮರೈಕೆ ಗೆರೆ ನೋಡಿದರು, ನನ್ನ ಪ್ರಬಂಧ ನೋಡಿದರು. ‘ನೀನು ಹೇಳಿದ್ದಕ್ಕೆ ಇದು ಪೂರ್ತಿ ತಲೆಕೆಳಗು’ ಎಂದರು.

ನಿಜ. ಹಸಿರು ಪಟ್ಟಿಯ ಎಡಗೈ ಗುಳ್ಳೆ ಬಲಗೈ ನೆಂಟನನ್ನು ತಬ್ಬಿಕೊಂಡಿತ್ತು, ತನ್ನವನನ್ನು ಹೊರದಬ್ಬಿತ್ತು. ಕೆಂಪಿನದು ಅದರ ಎದುರು. ವ್ಯತ್ಯಾಸ ಇದೆ, ಸ್ಪಷ್ಟವಾಗಿ ಇದೆ, ಆದರೆ ನಾನು ಏಳು ವರ್ಷ ಹೇಳಿದ್ದಕ್ಕೆ ಉಲ್ಟಾ.

‘ಡಬ್ಬಿ ಅದಲುಬದಲಾಗಿರಬೇಕು, ಇಲ್ಲವೇ ನಿನ್ನ ವಾದ ತಪ್ಪಿರಬೇಕು. ಯಾವುದು’ ಎಂದು ಕೇಳಿದರು.

ಡಬ್ಬಿ ಅದಲುಬದಲಾಗಲು ಸಾಧ್ಯವೇ ಇಲ್ಲ, ನನ್ನ ಕೈಯಾರೆ ತುಂಬಿದ್ದೇನೆ ಎಂದೆ. ಹೆಮ್ಮೆಯಿಂದಲೇ ಹೇಳಿದೆ. ಹೇಳಿದ ಮೇಲೆ ಅದರ ಅರ್ಥ ತಲೆಗೆ ಹೋಯಿತು. ಡಬ್ಬಿ ಸರಿಯಿದ್ದರೆ ತಪ್ಪಿರುವುದು ನಾನು. ಯಾವ ಪುಡಿ ಯಾವ ಕೈಯದೆಂದು ನೋಡಲು ಪೋಲಾರಿಮೀಟರ್ ಎಂಬ ಉಪಕರಣವಿದೆ, ಅದು ಬೇರೆಯವರ ಕೆಲಸದಲ್ಲಿ ಸಿಕ್ಕಿಕೊಂಡು ಮಾರನೆಯ ಬೆಳಿಗ್ಗೆಗೆ ಮಾತ್ರ ಬಿಡುವಿತ್ತು. ನಾನು ಮನೆಗೆ ನಡೆದು ಬಂದೆ. ದಾರಿಯಲ್ಲಿ ಯಾವ ಸೈಕಲ್ಲೂ ಗುದ್ದಲಿಲ್ಲ. ಗುದ್ದಿದ್ದರೂ ಆಗ ಬೇಜಾರಿರಲಿಲ್ಲ.

ಅದೇ ಸಂಜೆ: ಅಡಿಗೆಕೋಣೆ

ಅಲ್ಲಿ ಜೂನಿನ ಸಂಜೆ ಮುಗಿಯುವುದೇ ಇಲ್ಲ. ಊಟದ ಹೊತ್ತಿನಲ್ಲೂ ಮೂರು ಗಂಟೆಯ ಬಿಸಿಲು. ನಾನು ಅಡಿಗೆಕೋಣೆಯ ಕುರ್ಚಿಯಲ್ಲಿ ಕೂತು ಅಳುತ್ತಿದ್ದೆ. ಅತ್ತಿಗೆ ಅನ್ನಕ್ಕಿಟ್ಟು ಬಂದರು.

“ಯಾಕಮ್ಮ ಇಂಗೆ ಮೊಕ ಊದುಸ್ಕಂಡು ಕುಂತಿದ್ದೀಯೆ? ಆ ಉದ್ದಕ್ಕಿರೋಳು ಏನಾರ ಅಂದ್ಲಾ?”

“ಅವರೇನೂ ಅನ್ನಲಿಲ್ಲ ಅತ್ತಿಗೆ. ಏಳು ವರ್ಷ ನಾನು ಹೇಳಿದ್ದೇ ಉಲ್ಟಾ ಅಂತ ಆಯ್ತು.”

“ಉಲ್ಟಾ ಆದ್ರೆ ತಿರುಗ್ಸಿ ಮಡಗು ಅತ್ಲಾಗೆ. ಎದ್ದೇಳು, ಆ ಡಬ್ಬಿ ಮುಚ್ಚಳ ಕೊಡಿಲ್ಲಿ, ಇರುವೆ ಬತ್ತವೆ.”

ಅಷ್ಟು ಚೊಕ್ಕ ದೇಶದಲ್ಲಿ ಇರುವೆ ಎಲ್ಲಿಂದ ಬರಬೇಕು. ಆದರೂ ಎದುರಿಗಿದ್ದ ಎರಡು ಮುಚ್ಚಳ ಎತ್ತಿ ಕೊಟ್ಟೆ. ಅತ್ತಿಗೆಯ ಎಡಗಡೆ ಹುರಿಹಿಟ್ಟಿನ ಡಬ್ಬಿಯಿತ್ತು, ಕೆಂಪು ಮುಚ್ಚಳವನ್ನು ಅವರ ಎಡಗೈಗೆ ಇಟ್ಟೆ. ಬಲಗಡೆ ಚಟ್ನಿಪುಡಿ, ಹಳದಿ ಮುಚ್ಚಳವನ್ನು ಬಲಗೈಗೆ ಇಟ್ಟೆ. ಇನ್ನು ಕೈ ಇಳಿಸಿದರೆ ಮುಗಿಯಿತು. ಅತ್ತಿಗೆ ಕೈ ಇಳಿಸಲಿಲ್ಲ. ಎಡಗೈಯಲ್ಲಿದ್ದ ಕೆಂಪನ್ನು ಬಲಗೈಗೆ ದಾಟಿಸಿದರು, ಬಲಗೈಯ ಹಳದಿ ಎಡಗೈಗೆ ಬಂತು. ಬಲಗೈಯಲ್ಲಿದ್ದ ಕೆಂಪನ್ನು ಬಲಗಡೆಯ ಡಬ್ಬಿಗೆ ಮುಚ್ಚಿದರು. ಆಮೇಲೆ ಹಳದಿಯನ್ನೂ ಬಲಗೈಗೆ ತೆಗೆದುಕೊಂಡು ಎಡಗಡೆಯದಕ್ಕೆ ಮುಚ್ಚಿದರು. ಚಟ್ನಿಪುಡಿಗೆ ಕೆಂಪು, ಹುರಿಹಿಟ್ಟಿಗೆ ಹಳದಿ.

ನಾನು ಅಳು ಬಿಟ್ಟು ಕುರ್ಚಿಯಿಂದ ಎದ್ದೆ.

“ಅತ್ತಿಗೆ, ಈಗ ಯಾಕೆ ಕೈ ಬದಲಾಯಿಸಿದಿರಿ?”

“ಯಾವಾಗ?”

“ಈಗ. ಎಡಗೈಗೆ ಕೊಟ್ಟದ್ದನ್ನ ಬಲಗೈಗೆ ಹಾಕ್ಕೊಂಡ್ರಿ.”

ಅತ್ತಿಗೆ ತಮ್ಮ ಕೈಯನ್ನೇ ಬೇರೆಯವರ ಕೈ ಎಂಬಂತೆ ನೋಡಿಕೊಂಡರು. “ನಾನು ಉಟ್ಟಾ ಎಡಚಿ ಕಣಮ್ಮ. ನಿಂಗೆ ಗೊತ್ತಿಲ್ವಾ? ಎಡಗೈಲಿ ತಿಂದ್ರೆ, ಕೊಟ್ರೆ, ಡಬ್ಬಿ ಮುಟ್ಟುದ್ರೆ ನಮ್ಮವ್ವ ಸೌಟಲ್ಲಿ ಮಣಿಕಟ್ ಮ್ಯಾಲೆ ಬಾರ್ಸೋಳು. ಅವತ್ತಿಂದ ಎಡಗೈಗೇನ್ ಬಂದ್ರೂ ಬಲಗೈಗೆ ಆಕ್ಕಳೋದೇ. ನಂಗೇ ಗೊತ್ತಾಗಾಕಿಲ್ಲ.”

“ಏರ್‌ಪೋರ್ಟಲ್ಲಿ ಆ ಎತ್ತರದವನು ಮುಚ್ಚಳ ಕೊಟ್ಟಾಗ?”

“ಅಂಗೇ ಮುಚ್ಚಿರ್ತೀನಿ. ಇನ್ನೆಂಗ್ ಮುಚ್ಚಲಿ?”

ನಾನು ಅತ್ತಿಗೆಯನ್ನು ತಬ್ಬಿಕೊಂಡು ಕುಣಿದೆ. ಇಪ್ಪತ್ತೆರಡು ವರ್ಷದಿಂದ ಇವರ ಕೈಯಿಂದ ಊಟ ಮಾಡಿದ್ದೇನೆ, ಇವರು ಎಡಚಿ ಎಂದು ನನಗೆ ಗೊತ್ತಿರಲಿಲ್ಲ. ಪರದೆಯಿಲ್ಲದ ಕಿಟಕಿಯಾಚೆ ನಾಯಿ ಹಿಡಿದು ಹೋಗುತ್ತಿದ್ದ ಹೆಂಗಸು ನಿಂತು ನೋಡಿದಳು, ಆ ದೇಶದಲ್ಲಿ ಬೀದಿಯಿಂದ ಕಿಟಕಿಯೊಳಗೆ ನೋಡಿದ ಮೊದಲ ಹೆಂಗಸು ಅವಳೇ. ಸಂತೋಷಕ್ಕೆ ಅನ್ನ ತಳ ಹಿಡಿಯಿತು.

ಮಳವಳ್ಳಿಯಲ್ಲಿದ್ದ ಯಜಮಾನರಿಗೆ ಸುದ್ದಿ ಕಳಿಸಿದೆ. ಉತ್ತರವಾಗಿ ಬಂದದ್ದು ಒಂದೇ ಸಾಲು: ‘ಅಕ್ಕ ಎಡಚಿಯಾ? ನಂಗೂ ಗೊತ್ತಿರಲಿಲ್ಲ.’

ನಾಲ್ಕನೆಯ ದಿನ: ಸಕ್ಕರೆಯ ಸಾಕ್ಷಿ

ಆದರೂ ಅದು ಊಹೆಯೇ ತಾನೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ ಪೋಲಾರಿಮೀಟರ್ ಮುಂದೆ ನಿಂತೆ. ಎಡಗೈ, ಬಲಗೈ ಅಣುಗಳು ತಮ್ಮ ಮೂಲಕ ಹಾದ ಬೆಳಕನ್ನು ಎದುರುಬದುರು ದಿಕ್ಕಿಗೆ ತಿರುಗಿಸುತ್ತವೆ. ನನ್ನ ಎಡಗೈ ಪುಡಿ ಎಡಕ್ಕೆ, ಬಲಗೈ ಪುಡಿ ಬಲಕ್ಕೆ. ಈ ಉಪಕರಣ ನನಗೆ ಹೊಸದಲ್ಲ. ನಮ್ಮಪ್ಪ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದರು. ಕಬ್ಬಿನ ಹಾಲಲ್ಲಿ ಎಷ್ಟು ಸಕ್ಕರೆಯಿದೆ ಎಂದು ಅವರು ಅಳೆಯುತ್ತಿದ್ದುದು ಅದು ಬೆಳಕನ್ನು ಎಷ್ಟು ತಿರುಗಿಸುತ್ತದೆ ಎಂದು ನೋಡಿಯೇ. ಎಂಟು ವರ್ಷದವಳಿದ್ದಾಗ ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಆ ಕೊಳವೆಯಲ್ಲಿ ಇಣುಕಿಸಿದ್ದರು.

“ಸಕ್ಕರೆ ಯಾವತ್ತಿದ್ರೂ ಬಲಕ್ಕೇ ತಿರುಗ್ಸೋದು ಮಗಾ. ಮಿಸಿನ್ನು ಸುಳ್ಳೇಳಿದ್ರೂ ಸಕ್ಕರೆ ಏಳಾಕಿಲ್ಲ,” ಎಂದಿದ್ದರು.

ಹಾಗಾಗಿ ಮೊದಲು ಸಕ್ಕರೆ ನೀರು ಇಡೋಣ ಎಂದೆ. ಮರೈಕೆ ಕಾಫಿ ಮೇಜಿನಿಂದ ಸಕ್ಕರೆ ತಂದರು. ಅವರ ಸಕ್ಕರೆ ಬೀಟ್‌ರೂಟ್ ಜಾತಿಯ ಗೆಡ್ಡೆಯದು, ನಮ್ಮದು ಕಬ್ಬಿನದು, ಆದರೆ ಅಣು ಒಂದೇ. ಪರದೆಯ ಮೇಲೆ ಬಲ ಎಂದು ಬಂತು. ಆಮೇಲೆ ಹಸಿರು ಮುಚ್ಚಳದ ಡಬ್ಬಿಯ ಪುಡಿ ಇಟ್ಟೆವು. ಬಲ. ಕೆಂಪು ಮುಚ್ಚಳದ್ದು ಇಟ್ಟೆವು. ಎಡ.

ನಾನು ಅತ್ತಿಗೆಯ ಕಡೆ ಬೆರಳು ತೋರಿಸಿದೆ. ಅತ್ತಿಗೆ ಗಾಬರಿಯಿಂದ ಎದ್ದು ನಿಂತರು. ನಡೆದದ್ದನ್ನೆಲ್ಲ ಮರೈಕೆಗೆ ಹೇಳಿ, ಎರಡು ಮುಚ್ಚಳ ಕೊಟ್ಟು ಅತ್ತಿಗೆಯಿಂದ ಆಡಿಸಿಯೂ ತೋರಿಸಿದೆ. ಆ ಗಂಭೀರ ಹೆಂಗಸು ನಕ್ಕ ನಗೆಗೆ ಪಕ್ಕದ ಕೋಣೆಯವರು ಓಡಿ ಬಂದರು. ಆಮೇಲೆ ಕಣ್ಣು ಒರೆಸಿಕೊಂಡು ಒಂದು ಮಾತು ಹೇಳಿದರು: ‘ಯಾವ ಡಬ್ಬಿಯಲ್ಲಿ ಯಾರಿದ್ದಾರೆಂದು ನಿನಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗುಳ್ಳೆಗಳಿಗೆ ಮಾತ್ರ ಗೊತ್ತಿತ್ತು. ನೀನು ನಿನಗೆ ಬೇಕಾದಂತೆ ಅಳೆದೆ ಎಂದು ಇನ್ನು ಯಾರೂ ಹೇಳುವಂತಿಲ್ಲ.’

ಉಳಿದ ಹೊತ್ತಿನಲ್ಲಿ ಎಲ್ಲವನ್ನೂ ಮತ್ತೆ ಅಳೆದೆವು, ಈ ಸಲ ಡಬ್ಬಿಯ ಮೈಮೇಲೆ ಗುರುತು ಹಾಕಿ. ಎಡಗೈ ಗುಳ್ಳೆ ಎಡಗೈ ನೆಂಟನನ್ನು ಹಿಡಿದುಕೊಂಡಿತು, ಬಲಗೈಯದು ಬಲಗೈಯವನನ್ನು. ಎರಡೂ ಪುಡಿಯನ್ನು ಅರ್ಧ ಅರ್ಧ ಬೆರೆಸಿ ಕಟ್ಟಿದ ಗುಳ್ಳೆಗೆ ಆ ಪಕ್ಷಪಾತವೇ ಇರಲಿಲ್ಲ, ಇಬ್ಬರನ್ನೂ ಒಂದೇ ಸಮ ಸೋರಿಸಿತು. ಏಳು ವರ್ಷ ನೀರಿಗೆ ಹೋಗಲಿಲ್ಲ.

ಐದನೆಯ ದಿನ ಹೊರಡುವಾಗ ಮರೈಕೆ ಅತ್ತಿಗೆಗೊಂದು ಬಿಸ್ಕತ್ತಿನ ಡಬ್ಬಿ ತಂದರು. ಒಂದು ಬಿಸ್ಕತ್ತಲ್ಲ, ಪೂರ್ತಿ ಡಬ್ಬಿ. ಎಡಗೈಯಲ್ಲಿ ಚಾಚಿದರು. ಅತ್ತಿಗೆಯ ಬಲಗೈ ಅಭ್ಯಾಸದಂತೆ ಮುಂದೆ ಹೋಯಿತು. ನಡುವೆ ನಿಂತಿತು. ಅವರು ಬಲಗೈಯನ್ನು ಸೆರಗಿನೊಳಗೆ ಸೇರಿಸಿ, ಎಡಗೈಯಲ್ಲಿ ಡಬ್ಬಿ ಈಸಿಕೊಂಡರು. ಬಲಗೈಗೆ ದಾಟಿಸಲಿಲ್ಲ. ರೈಲು ನಿಲ್ದಾಣದವರೆಗೂ ಅದೇ ಕೈಯಲ್ಲಿ ಹೊತ್ತುಕೊಂಡು ನಡೆದರು.

ದುದ್ದ

ಬಂದ ವಾರವೇ ಬಿಸ್ಕತ್ತು ತಿನ್ನಲು ಅತ್ತಿಗೆಯ ಮನೆಗೆ ಹೋದೆವು. ಜಗುಲಿಯ ಮೇಲೆ ಯಜಮಾನರು ಪೇಪರು ಓದುತ್ತಿದ್ದರು. ಅತ್ತಿಗೆ ಒಳಗಿನಿಂದ ಕಾಫಿಯ ಲೋಟ ತಂದು ತಮ್ಮನ ಮುಂದೆ ಎಡಗೈ ಚಾಚಿದರು. ಯಜಮಾನರು ಲೋಟ ನೋಡಿದರು, ಕೈ ನೋಡಿದರು.

“ಏನಕ್ಕ, ಬಲಗೈಗೆ ಏನಾಯ್ತು?”

“ಏನೂ ಆಗಿಲ್ಲ ಕಣ್ಲಾ. ಐವತ್ತೈದು ವರ್ಸ ಇಬ್ರ ಕೆಲ್ಸನೂ ಅದೊಂದೇ ಮಾಡ್ಯದೆ. ಈಗ ರಜಾ ಆಕ್ಯದೆ. ಈಸ್ಕೊ, ಆರೋಯ್ತದೆ.”

ಯಜಮಾನರು ಈಸಿಕೊಂಡು ಕುಡಿದರು. ಕಾಫಿಗೆ ಎಂದಿನಂತೆ ಸಕ್ಕರೆ ಜಾಸ್ತಿಯಾಗಿತ್ತು.